ಹೊಸೂರಿನ ಅಗ್ಗದ ಲೆಕ್ಕ

ಗೊಟ್ಟಿಗೆರೆಯ ಯಾವ ದರ್ಶಿನಿಯ ಮುಂದೆ ಕಾಫಿ ಹಿಡಿದು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಇಲ್ಲಿ ಫ್ಲ್ಯಾಟಿಗೆ ಸುರಿಯೋ ದುಡ್ಡಲ್ಲಿ ಹೊಸೂರಲ್ಲಿ ಮನೇನೇ ಕಟ್ಟಬಹುದು ಸಾರ್, ಸುಮ್ನೆ ಯಾಕೆ ಒದ್ದಾಡೋದು?" ಇನ್ನೊಂದು ಗುಟುಕಿನ ಹೊತ್ತಿಗೆ ಹೈದರಾಬಾದು, ಕೊಯಮತ್ತೂರು, ವಿಶಾಖಪಟ್ಟಣ ಎಲ್ಲವೂ ಬಂದುಬಿಡುತ್ತವೆ. ಲೋಟ ಕೆಳಗಿಡುವಾಗ ತೀರ್ಪು ಸಿದ್ಧ: ಕರ್ನಾಟಕ ದುಬಾರಿಯಾಯಿತು, ಜನ ರಾಜ್ಯ ಬಿಡುತ್ತಿದ್ದಾರೆ. ಇದನ್ನೇ ಟಿವಿಯವರು ಜೋರಾಗಿ ಹೇಳುತ್ತಾರೆ, ವಿರೋಧ ಪಕ್ಷದವರು ಇನ್ನೂ ಜೋರಾಗಿ. ನನಗೆ ಈ ತೀರ್ಪಿನ ಎರಡು ತುದಿಗಳೂ ಸಡಿಲವಾಗಿ ಕಾಣುತ್ತವೆ. ರಾಜ್ಯ ಬಿಟ್ಟರು ಅನ್ನಿಸಿಕೊಂಡವರಲ್ಲಿ ಬಹಳ ಮಂದಿ ಬಿಟ್ಟೇ ಇಲ್ಲ. ದುಬಾರಿಯ ಏಟು ನಿಜವಾಗಿ ತಿಂದವರು ಗಡಿಯ ಹತ್ತಿರಕ್ಕೂ ಹೋಗಲಾರರು.

2025ರ ಸೆಪ್ಟೆಂಬರಿನ ಗದ್ದಲ ನೆನಪಿರಬಹುದು. ಹೊರ ವರ್ತುಲ ರಸ್ತೆಯ ಸಾಗಣೆ ಕಂಪನಿಯೊಂದು ಗುಂಡಿ, ಧೂಳು, ಟ್ರಾಫಿಕ್ಕಿಗೆ ಬೇಸತ್ತು ಜಾಗ ಖಾಲಿ ಮಾಡುವುದಾಗಿ ಹೇಳಿತು. ಹೇಳಿದ್ದೇ ತಡ, ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದರು. ಇಲ್ಲಿ ರಾಜ್ಯದ ಮಾನ ಹೋಯಿತೆಂಬ ಚರ್ಚೆ ಶುರುವಾಯಿತು. ಆಮೇಲೆ ಕಂಪನಿಯೇ ಸ್ಪಷ್ಟಪಡಿಸಿತು: ಬೆಂಗಳೂರಲ್ಲೇ ಇರುತ್ತೇವೆ, ಬೇರೆ ಬಡಾವಣೆಗೆ ಹೋಗುತ್ತೇವೆ, ಅಷ್ಟೇ. ಬೇಸರ ಒಂದು ರಸ್ತೆಯ ಮೇಲಿನದು. ಓದಿದವರು ಅದನ್ನು ರಾಜ್ಯದ ಮೇಲಿನದೆಂದು ಓದಿಕೊಂಡರು.

ಹೊಸೂರಿನ ವಿಷಯವೂ ಹೀಗೆಯೇ. ಗೊಟ್ಟಿಗೆರೆಯಿಂದ ನೈಸ್ ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಇಳಿದು, ಅತ್ತಿಬೆಲೆ ದಾಟಿದರೆ ಸುಮಾರು 30 ಕಿ.ಮೀ. ಯಲಹಂಕದ ಆಚೆಗೆ ಹೋಗುವುದಕ್ಕಿಂತ ಇದೇ ಹತ್ತಿರ. ಆ ಊರನ್ನು ಇವತ್ತಿನ ಗಾತ್ರಕ್ಕೆ ತಂದದ್ದೂ ಬೆಂಗಳೂರಿನ ನೆರೆಯೇ. ತಮಿಳುನಾಡು ಸರ್ಕಾರ ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಗಡಿಯಂಚಿನ ಈ ಜಾಗವನ್ನು ಆರಿಸಿಕೊಂಡದ್ದರ ಹಿಂದೆ ಈ ಲೆಕ್ಕವಿತ್ತು. ಟೈಟಾನ್ ಗಡಿಯಾರದ ಕಾರ್ಖಾನೆ 1980ರ ದಶಕದಲ್ಲಿ ಅಲ್ಲಿ ಶುರುವಾಯಿತು. ಅದರ ಕೇಂದ್ರ ಕಚೇರಿ ಬೆಂಗಳೂರಲ್ಲಿದೆ. ಹಗಲು ಬೊಮ್ಮಸಂದ್ರದಲ್ಲಿ ದುಡಿದು ರಾತ್ರಿ ಹೊಸೂರಿನಲ್ಲಿ ಮಲಗುವವನನ್ನು ರಾಜ್ಯ ಬಿಟ್ಟವನೆಂದು ಹೇಗೆ ಕರೆಯುವುದು? ಅವನ ಸಂಬಳ ಬೆಂಗಳೂರಿನದು. ಆ ಸಂಬಳ ನಿಂತ ದಿನ ಹೊಸೂರಿನ ಅಗ್ಗವೂ ಅವನ ಪಾಲಿಗೆ ಅಗ್ಗವಲ್ಲ.

ಇನ್ನು ಅಗ್ಗ ಎಷ್ಟು ಅಗ್ಗ? ಸೈಟಿನ ದರ ಕಡಿಮೆ, ಒಪ್ಪೋಣ. ಆದರೆ ಪತ್ರ ಮಾಡಿಸುವಾಗ ತಮಿಳುನಾಡಿನಲ್ಲಿ ಮುದ್ರಾಂಕ ಮತ್ತು ನೋಂದಣಿ ಸೇರಿ ಶೇ 9. ನಮ್ಮಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿದ ಮೇಲೂ ನಗರದಲ್ಲಿ ಶೇ 7.6ರ ಆಸುಪಾಸು. ಅದರ ಮೇಲೆ ದಿನದ ಟೋಲು, ಪೆಟ್ರೋಲು, ಸಿಲ್ಕ್ ಬೋರ್ಡ್ ಕಡೆ ಕೆಲಸವಿದ್ದವರಿಗೆ ಎರಡು ಹೊತ್ತಿನ ಆಯಸ್ಸು. ಇವೆಲ್ಲ ದರ್ಶಿನಿಯ ಲೆಕ್ಕದಲ್ಲಿ ಬರುವುದಿಲ್ಲ, ಬಿಡಿ. ಆದರೂ ಇವು ಸಣ್ಣ ಬಾಬತ್ತು. ದೊಡ್ಡ ಬಾಬತ್ತು ಇರುವುದು ಕಾಗದಪತ್ರಗಳಲ್ಲಿ.

ಪರಿಶಿಷ್ಟ ಜಾತಿಯ ಕುಟುಂಬವೊಂದು ಅತ್ತಿಬೆಲೆ ದಾಟಿ ನೆಲೆಸಿತು ಅನ್ನಿ. ಕರ್ನಾಟಕದ ಜಾತಿ ಪ್ರಮಾಣಪತ್ರ ಅಲ್ಲಿ ಆ ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ. ಒಂದು ರಾಜ್ಯದ ಪಟ್ಟಿಯಲ್ಲಿರುವ ಸ್ಥಾನ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲಿ ಬರದು ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು, 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಮತ್ತೆ ಹೇಳಿತು. ಮಕ್ಕಳ ಓದು ನೋಡಿ. ನಮ್ಮ ಸಿಇಟಿಯಲ್ಲಿ ಕರ್ನಾಟಕದವರೆಂದು ಸೀಟು ಕೇಳಲು ಸಾಮಾನ್ಯ ದಾರಿಯೆಂದರೆ ಇಲ್ಲಿ ಏಳು ವರ್ಷ ಓದಿರುವುದು. ವಿನಾಯಿತಿಗಳಿವೆ, ಆದರೆ ಅವನ್ನು ಹುಡುಕಿ ದಾಖಲೆ ಜೋಡಿಸುವುದು ಓದಿದ ತಂದೆತಾಯಿಗೆ ಮಾತ್ರ ಸಲೀಸು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯ ಪ್ರಕಾರ ತಮಿಳು ಕಡ್ಡಾಯ. ಹೊಸೂರು, ತಾಳವಾಡಿಯ ಕಡೆ ತಲೆಮಾರುಗಳಿಂದ ಇರುವ ಕನ್ನಡ ಮಕ್ಕಳಿಗೇ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಇದು ಕಗ್ಗಂಟಾಗಿ, ಭಾಷಾ ಅಲ್ಪಸಂಖ್ಯಾತರ ವಿನಾಯಿತಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಮಿಳುನಾಡನ್ನು ದೂರುತ್ತಿಲ್ಲ; ನಾವೂ 2015ರಲ್ಲಿ ಕನ್ನಡ ಕಲಿಕೆಗೆ ಅಂಥದೇ ಕಾಯ್ದೆ ಮಾಡಿದ್ದೇವೆ.

ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಲೆಕ್ಕ ಇನ್ನೂ ಕಟುವಾದದ್ದು. 2023ರ ಜೂನ್ 11ರಿಂದ ಅವಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ, ತೋರಿಸಬೇಕಾದದ್ದು ಕರ್ನಾಟಕದ ವಿಳಾಸ. ಗೃಹಲಕ್ಷ್ಮಿಯ ಎರಡು ಸಾವಿರಕ್ಕೂ ಇಲ್ಲಿಯ ರೇಷನ್ ಕಾರ್ಡೇ ಆಧಾರ. ಆಚೆಗೆ ಹೋದರೆ ಅಲ್ಲಿಯೂ ಹೆಂಗಸರಿಗೆ ಉಚಿತ ಬಸ್ಸಿದೆ, ತಿಂಗಳಿಗೆ ಸಾವಿರ ರೂಪಾಯಿಯ ಯೋಜನೆಯೂ ಇದೆ. ಆದರೆ ಅಲ್ಲಿಯ ಕಾರ್ಡು ಕೈಗೆ ಬರುವವರೆಗೆ ಆ ಸಾವಿರವಿಲ್ಲ, ಗಡಿ ದಾಟಿ ಕೆಲಸಕ್ಕೆ ಬರುವಾಗ ಎರಡರಲ್ಲಿ ಯಾವ ಉಚಿತವೂ ಪೂರ್ತಿ ಒದಗುವುದಿಲ್ಲ. ಬಾಡಿಗೆಯಲ್ಲಿ ಮೂರು ಸಾವಿರ ಉಳಿಸಲು ಹೋಗಿ ಅಷ್ಟನ್ನೂ ಬಸ್ಸಿಗೆ ಕೊಡಲು ಅವಳೇನು ಲೆಕ್ಕ ಬಾರದವಳಲ್ಲ. ಗಡಿಯಾಚೆಯ ಅಗ್ಗ ಸರ್ಕಾರದ ಕಾಗದಗಳ ಹಂಗಿಲ್ಲದವರಿಗೆ ಮಾತ್ರ ಇರುವ ಸವಲತ್ತು.

ಹಾಗಾದರೆ ಬೆಲೆಯೇರಿಕೆ ಗೊಟ್ಟಿಗೆರೆಯಿಂದ ಯಾರನ್ನು ಎಲ್ಲಿಗೆ ನೂಕುತ್ತದೆ? ನೇಕಾರರ ಕಾಲೊನಿಯ ಹಿಂದಿನ ಒಂದು ರೂಮಿನ ಮನೆಯವರು ಇನ್ನೂ ಒಳಗೆ, ಬನ್ನೇರುಘಟ್ಟದ ಕಡೆಗೋ ಜಿಗಣಿಯ ಕಡೆಗೋ ಕಗ್ಗಲೀಪುರದ ಕಡೆಗೋ ಸರಿಯುತ್ತಾರೆ. ನಾಗವಾರದವರೆಗಿನ 21 ಕಿ.ಮೀ. ಗುಲಾಬಿ ಮಾರ್ಗದ ಈ ತುದಿ ಕಾಳೇನ ಅಗ್ರಹಾರದಲ್ಲಿದೆ. ಇಲ್ಲಿ ರೈಲು ಬರುವ ಮೊದಲೇ "ಮೆಟ್ರೊ ಹತ್ತಿರ" ಎಂಬ ಮಾತು ಟು-ಲೆಟ್ ಬೋರ್ಡಿಗೆ ಬಂದಿತ್ತು. ಕಂಬ ನೆಟ್ಟಷ್ಟು ವರ್ಷ ಧೂಳು ಕುಡಿದವರಲ್ಲಿ ಎಷ್ಟೋ ಜನಕ್ಕೆ ಆ ರೈಲಿನ ಪಕ್ಕ ಮನೆ ಹಿಡಿಯುವ ಶಕ್ತಿ ಉಳಿದಿಲ್ಲ. ಅವರ ಸಾಮಾನು ಟಾಟಾ ಏಸ್‌ನಲ್ಲಿ ನಾಲ್ಕೂರು ಆಚೆ ಹೋಗುತ್ತದೆ. ಅದು ಸುದ್ದಿಯಾಗುವುದಿಲ್ಲ, ಏಕೆಂದರೆ ಅವರು ರಾಜ್ಯ ಬಿಟ್ಟಿಲ್ಲ.

ನಿಜವಾಗಿ ರಾಜ್ಯ ಬಿಟ್ಟವರು ಸುದ್ದಿಯಾದದ್ದಾದರೂ ಯಾವಾಗ? ಕರಾವಳಿಯವರು ಬೊಂಬಾಯಿಗೆ ಹೋಗಿ ಲೋಟ ತೊಳೆದು ಹೋಟೆಲ್ ಕಟ್ಟಿದರು, ಮಾಟುಂಗದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅದನ್ನು ಸಾಹಸವೆಂದು ಕೊಂಡಾಡಿದೆವು. ಯಾದಗಿರಿ, ವಿಜಯಪುರ, ಬಾಗಲಕೋಟೆಯ ಕಡೆಯವರು ಗೋವೆಗೆ, ಪುಣೆಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಇವತ್ತಿಗೂ ಗುಳೆ ಹೋಗುತ್ತಾರೆ. ಗೋವೆಯ ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆ ಕೆಡವಿದಾಗ ಎರಡು ದಿನ ಹೇಳಿಕೆಗಳು ಬಂದವು, ಮುಗಿಯಿತು. ಅವರಿಗೆ ನಾವಿಟ್ಟ ಹೆಸರು ವಲಸೆ ಕಾರ್ಮಿಕರು. ಹೊಸೂರಿನಲ್ಲಿ ವಿಲ್ಲಾ ಕೊಂಡವನ ವಿಷಯಕ್ಕೆ ಮಾತ್ರ ಕರ್ನಾಟಕ ಬರಿದಾಗುತ್ತಿದೆ ಎಂಬ ಕಳವಳ. ಅತ್ತ ಗೊಟ್ಟಿಗೆರೆಯ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ರಾಯಚೂರಿನ ಕನ್ನಡದ ಜೊತೆ ಒಡಿಯಾ, ಬಂಗಾಳಿ, ಭೋಜಪುರಿ ಕೇಳಿಸುತ್ತವೆ. ಬರಿದಾಗುವ ಊರಿನಲ್ಲಿ ಹೀಗಿರುತ್ತದೆಯೇ?

ಗಡಿಯಾಚೆ ಯಾವುದೂ ಮೇಲಲ್ಲ ಎಂದು ಹೇಳಲಾರೆ. ಎರಡು ವಿಷಯದಲ್ಲಿ ಅವರು ಮೇಲೆಯೇ, ಮತ್ತು ಆ ಎರಡೂ ನಾವು ಮಾಡಬಹುದಾಗಿದ್ದವು.

ಒಂದು ನೀರು. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಲಿನ 110 ಹಳ್ಳಿಗಳ ಜೊತೆ ಗೊಟ್ಟಿಗೆರೆಯೂ ನಗರದೊಳಗೆ ಬಂತು. ಆ ಹಳ್ಳಿಗಳಿಗೆಂದು ತೊರೆಕಾಡನಹಳ್ಳಿಯಿಂದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ನಡುವೆ 17 ವರ್ಷ ಕೊಳವೆಬಾವಿ ಮತ್ತು ಟ್ಯಾಂಕರು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ 12,000 ಲೀಟರ್ ಟ್ಯಾಂಕರಿಗೆ ಐದು ಕಿ.ಮೀ. ಒಳಗೆ ಸಾವಿರ ರೂಪಾಯಿ ಎಂದು ದರ ಕಟ್ಟಬೇಕಾಯಿತು. ಹೊಸೂರಿನ ಕಡೆಗೆ ಹೊಗೇನಕಲ್ ಯೋಜನೆಯ ನೀರು 2013ರಲ್ಲೇ ಹರಿಯಿತು. ಎರಡೂ ಕಡೆ ಕಾವೇರಿಯೇ, ಎರಡೂ ಯೋಜನೆಗೆ ಸಾಲ ಕೊಟ್ಟದ್ದು ಜಪಾನಿನ ಜೈಕಾ ಸಂಸ್ಥೆಯೇ. ಅವರಿಗೆ 11 ವರ್ಷ ಮೊದಲು ಬಂತು. ಹೊಗೇನಕಲ್ ಬೇಡವೆಂದು ಗಡಿಯಲ್ಲಿ ಕೂಗಿದಷ್ಟು ಜೋರಾಗಿ ಗೊಟ್ಟಿಗೆರೆಗೆ ನಲ್ಲಿ ಬೇಕೆಂದು ಯಾರೂ ಕೂಗಲಿಲ್ಲ.

ಇನ್ನೊಂದು ಅಡ್ವಾನ್ಸು. ಬಾಡಿಗೆ ದುಬಾರಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬಾಡಿಗೆದಾರನ ಕೈ ಕಟ್ಟುವುದು ಅಡ್ವಾನ್ಸು. ಹತ್ತು ತಿಂಗಳದು ಬೆಂಗಳೂರಿನ ಹಳೆಯ ರೂಢಿ. ಈಗ ಐದಾರಕ್ಕೆ ಒಪ್ಪುವವರೂ ಇದ್ದಾರೆ. ಹದಿನೈದು ಸಾವಿರ ಬಾಡಿಗೆಯ ಮನೆಗೆ ಹತ್ತು ತಿಂಗಳೆಂದರೆ ಒಂದೂವರೆ ಲಕ್ಷ. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ, ಉಳಿದದ್ದು ಹೊಸ ಬಾಡಿಗೆದಾರ ಬಂದ ಮೇಲೆ. ಅಷ್ಟರಲ್ಲಿ ಮುಂದಿನ ಮನೆಗೆ ಬಡ್ಡಿ ಸಾಲ. ತಮಿಳುನಾಡಿನಲ್ಲಿ 2019ರಿಂದ ಜಾರಿಯಲ್ಲಿರುವ ಬಾಡಿಗೆ ಕಾಯ್ದೆ, ಇಬ್ಬರೂ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ, ಮೂರು ತಿಂಗಳಿಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ ಎನ್ನುತ್ತದೆ. ಆ "ಬೇರೆ ಒಪ್ಪಂದ" ದೊಡ್ಡ ತೂತು, ನಿಜ. ಆದರೂ ವಾದ ಮಾಡಲು ಒಂದು ಅಂಕಿ ಕೈಯಲ್ಲಿರುತ್ತದೆ. ಕೇಂದ್ರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎಂದಿತು. ನಮ್ಮ ಟು-ಲೆಟ್ ಬೋರ್ಡುಗಳಿಗೆ ಅದರ ಸುದ್ದಿ ತಲುಪಿದಂತಿಲ್ಲ.

ಕಂಪನಿಗಳನ್ನು ಹಿಡಿದಿಡಲು ಜಮೀನು, ತೆರಿಗೆ ರಿಯಾಯಿತಿ, ಹೂಡಿಕೆದಾರರ ಸಮಾವೇಶ ಎಲ್ಲ ನಡೆಯುತ್ತವೆ. ಅಡ್ವಾನ್ಸಿಗೆ ಮಿತಿ ಹಾಕಲು ಸರ್ಕಾರದ ಬೊಕ್ಕಸದಿಂದ ಒಂದು ರೂಪಾಯಿ ಬೇಕಿಲ್ಲ. ಆದರೂ ಅದರ ಮಾತು ಯಾವ ಪಕ್ಷದ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಮನೆ ಮಾಲೀಕರ ವೋಟು ಗೊಟ್ಟಿಗೆರೆಯಲ್ಲಿದೆ, ಬಾಡಿಗೆದಾರರಲ್ಲಿ ಬಹಳ ಮಂದಿಯ ವೋಟು ಇನ್ನೂ ಊರಲ್ಲೇ ಇದೆ.