ಪಿನ್ ಚುಚ್ಚಿದ ಮೇಲೆ

ಜುಲೈ ಬಂತೆಂದರೆ ರೋಟರಿ, ಲಯನ್ಸ್ ಕ್ಲಬ್ಬುಗಳಲ್ಲಿ ಪದಗ್ರಹಣದ ಸುಗ್ಗಿ. ಹೊಸ ಅಧ್ಯಕ್ಷರ ಕೊರಳಿಗೆ ಪದಕದ ಹಾರ, ಹೊಸ ಸದಸ್ಯರ ಎದೆಗೆ ಪಿನ್, ಒಂದು ಗ್ರೂಪ್ ಫೋಟೊ, ಆಮೇಲೆ ಊಟ. ಅದರ ಹಿಂದಿನ ತಿಂಗಳ ಗಡಿಬಿಡಿ ಫೋಟೊದಲ್ಲಿ ಕಾಣುವುದಿಲ್ಲ. ಜೂನ್ 30ಕ್ಕೆ ವರ್ಷ ಮುಗಿಯುವುದರೊಳಗೆ ಹೊಸ ಸದಸ್ಯರ ಲೆಕ್ಕ ತೋರಿಸಬೇಕು. ಅಧ್ಯಕ್ಷರ ಭಾವಮೈದ, ಅಂಗಡಿಯ ಪಾಲುದಾರ, ಪರಿಚಯದ ಬ್ಯಾಂಕ್ ಮ್ಯಾನೇಜರು, ಎಲ್ಲರಿಗೂ ಒಮ್ಮೆಲೇ ಸಮಾಜಸೇವೆಯ ಹಂಬಲ ಹುಟ್ಟುವ ಕಾಲ ಅದು. ದಾಕ್ಷಿಣ್ಯಕ್ಕೆ ಬಂದವರು ದಾಕ್ಷಿಣ್ಯ ತೀರಿದ ಮೇಲೆ ಸಭೆಗೆ ಬರುವುದಿಲ್ಲ. ಆಗ 'ಸದಸ್ಯರನ್ನು ಉಳಿಸಿಕೊಳ್ಳುವುದು ಹೇಗೆ' ಎಂಬ ವಿಷಯದ ಮೇಲೆ ಒಂದು ಶಿಬಿರ ನಡೆಯುತ್ತದೆ. ಅಲ್ಲಿಯೂ ಊಟ ಚೆನ್ನಾಗಿಯೇ ಇರುತ್ತದೆ.

ರೋಟರಿಯ ಜಾಗತಿಕ ಸದಸ್ಯ ಸಂಖ್ಯೆ ಎರಡು ದಶಕಕ್ಕೂ ಮೇಲ್ಪಟ್ಟು ಸುಮಾರು 12 ಲಕ್ಷದ ಸುತ್ತಲೇ ನಿಂತಿದೆ. ಹಾಗೆಂದು ಯಾರೂ ಸೇರುತ್ತಿಲ್ಲವೆಂದಲ್ಲ. ಈ ಬಾಗಿಲಿನಿಂದ ಬಂದಷ್ಟೇ ಮಂದಿ ಆ ಬಾಗಿಲಿನಿಂದ ಹೋಗುತ್ತಿದ್ದಾರೆ. ಇದಕ್ಕೆ ಕ್ಲಬ್ಬಿನವರು ಹೇಳುವ ಕಾರಣಗಳು ಎಲ್ಲರಿಗೂ ಬಾಯಿಪಾಠ: ಯುವಕರಿಗೆ ಪುರುಸೊತ್ತಿಲ್ಲ, ಶುಲ್ಕ ಹೆಚ್ಚು, ಹಳಬರು ಹೊಸಬರನ್ನು ಮಾತಾಡಿಸುವುದಿಲ್ಲ. ಮೂರೂ ನಿಜ. ಆದರೆ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟದ ಕಡೆಯಿಂದ ನೋಡಿದರೆ ಇವೆಲ್ಲ ಮೇಲುಮೇಲಿನ ಕಾರಣಗಳಾಗಿ ಕಾಣುತ್ತವೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಸರ್ಕಾರ ತಮಿಳುನಾಡಿನದು, ಸಂತೆ ಆಸ್ಪತ್ರೆಗೆ ಎಷ್ಟೋ ಜನಕ್ಕೆ ಚಾಮರಾಜನಗರವೇ ಹತ್ತಿರ. ತಮ್ಮದೇ ತಾಲ್ಲೂಕು ಎಂದಾಗಿದ್ದು 2016ರಲ್ಲಿ. ಬಯಲಿಗೆ ಇಳಿಯಬೇಕೆಂದರೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳು. ಸುತ್ತ 2013ರಿಂದ ಸತ್ಯಮಂಗಲ ಹುಲಿ ಮೀಸಲು. 2022ರ ಫೆಬ್ರವರಿಯಿಂದ ಆ ಘಾಟಿಯ ರಾತ್ರಿ ಸಂಚಾರಕ್ಕೆ ಹೈಕೋರ್ಟಿನ ಕಡಿವಾಣ ಬೇರೆ. ಸಂಜೆ ಏಳೂವರೆಗೆ ಹೋಟೆಲಿನ ಹಾಲಿನಲ್ಲಿ ಸಭೆ, ಒಂಬತ್ತಕ್ಕೆ ಊಟ ಎನ್ನುವ ಕ್ಲಬ್ಬಿನ ಪದ್ಧತಿಗೆ ಇಂಥ ಊರಿನ ರೈತ ಹೇಗೆ ಒಗ್ಗಬೇಕು? ಅದೇ ಹೊತ್ತಿಗೆ ಅವನು ಮುಸುಕಿನ ಜೋಳದ ಹೊಲದ ಅಟ್ಟಣೆ ಹತ್ತಿ ಆನೆ ಕಾಯಬೇಕು. ಕರುಪ್ಪನ್ ಎಂಬ ಒಂಟಿ ಆನೆಯನ್ನು 2023ರ ಏಪ್ರಿಲಿನಲ್ಲಿ ಹಿಡಿದು ಸಾಗಿಸುವವರೆಗೆ ಇಲ್ಲಿನವರು ಪಟ್ಟ ಪಾಡು ಪತ್ರಿಕೆ ಓದುವವರಿಗೆ ನೆನಪಿರಬಹುದು. ಕಾವಲಿಗೆ ಸದಸ್ಯತ್ವ ಅಭಿಯಾನ ಬೇಕಾಗಲಿಲ್ಲ. ಪಕ್ಕದ ಹೊಲದವನು ನಿದ್ದೆಹೋದರೆ ನನ್ನ ಬೆಳೆಯೂ ಹೋಗುತ್ತದೆ ಎಂಬ ಅರಿವೇ ಅಲ್ಲಿ ಹಾಜರಿ ಪುಸ್ತಕ.

ಕ್ಲಬ್ಬುಗಳ ಮೂಲಕ್ಕೆ ಹೋದರೂ ಇದೇ ಮಾತು. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮೂವರು ಗೆಳೆಯರೊಂದಿಗೆ ಸೇರಿದ್ದು ಸೇವೆಗಾಗಿ ಅಲ್ಲ. ವರ್ಮಾಂಟಿನ ಹಳ್ಳಿಯಲ್ಲಿ ಬೆಳೆದ ವಕೀಲನಿಗೆ ದೊಡ್ಡ ಪಟ್ಟಣದಲ್ಲಿ ಒಂಟಿತನ. ಜೊತೆಗೆ ಒಬ್ಬರ ವ್ಯಾಪಾರ ಇನ್ನೊಬ್ಬರಿಗೆ ಸಿಕ್ಕೀತೆಂಬ ಲೆಕ್ಕಾಚಾರ. ಮರುವರ್ಷ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನನ್ನು ಸೇರಲು ಕರೆದಾಗ ಅವನು ಒಲ್ಲೆ ಎಂದ. ತಮಗೆ ತಾವೇ ಉಪಕಾರ ಮಾಡಿಕೊಳ್ಳುವ ಕೂಟ ಬಹಳ ದಿನ ಬಾಳದು, ಊರಿಗೂ ಏನಾದರೂ ಮಾಡಬೇಕು ಎಂಬುದು ಅವನ ತಕರಾರು. ಕ್ಲಬ್ಬು ತನ್ನ ಉದ್ದೇಶಗಳ ಪಟ್ಟಿಗೆ ಊರಿನ ಹಿತವನ್ನೂ ಸೇರಿಸಿತು, ಕಾರ್ಟರನೂ ಸೇರಿದ. ಮುಂದೆ 1907ರಲ್ಲಿ ಕೈಗೆತ್ತಿಕೊಂಡದ್ದು ಶಿಕಾಗೋದ ಸಾರ್ವಜನಿಕ ಶೌಚಾಲಯ. ರೋಟರಿಯ ಚರಿತ್ರೆಯಲ್ಲಿ ನನಗೆ ಅತಿ ಮೆಚ್ಚಿಗೆಯಾದ ಸದಸ್ಯ ನೇಮಕ ಇದು. ಕರೆದವರು ಕರೆಸಿಕೊಂಡವನ ಮಾತಿಗೆ ಬದಲಾದರು. ಇಂದು ಎಷ್ಟು ಕ್ಲಬ್ಬುಗಳು ಹೊಸಬನನ್ನು 'ನಾವು ಏನು ಮಾಡಿದರೆ ನೀನು ಬರುತ್ತೀ' ಎಂದು ಕೇಳುತ್ತವೆ? ಕೈಗೆ ಅರ್ಜಿ ಕೊಡುತ್ತವೆ, ಅಷ್ಟೇ.

ತಾಳವಾಡಿಯ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೆ ನಡೆಯುವ ಗೋರೆ ಹಬ್ಬವನ್ನು ಟಿ.ವಿ.ಯವರು ವರ್ಷವರ್ಷವೂ ವಿಚಿತ್ರವೆಂಬಂತೆ ತೋರಿಸುತ್ತಾರೆ. ದನಕರುವಿರುವ ಮನೆಗಳಿಂದ ಸಗಣಿ ಕೂಡಿಸಿ, ಟ್ರ್ಯಾಕ್ಟರಿನಲ್ಲಿ ಬೀರೇಶ್ವರನ ಗುಡಿಯ ಹತ್ತಿರ ತಂದು ರಾಶಿ ಹಾಕಿ, ಪೂಜೆಯಾದ ಮೇಲೆ ಒಬ್ಬರ ಮೇಲೊಬ್ಬರು ಎರಚಾಡುವ ಹಬ್ಬ. ನನಗೆ ಅದರಲ್ಲಿ ಕಾಣುವುದು ಸಂಘಟನೆ. ಇಲ್ಲಿ ಚಂದಾ ಎಂದರೆ ಸಗಣಿ. ಬಡವ ಬಲ್ಲಿದ ಇಬ್ಬರ ಕೊಟ್ಟಿಗೆಯಲ್ಲೂ ಇರುವ ವಸ್ತು. ಕೂಡಿಸುವವನು, ಸಾಗಿಸುವವನು, ಎರಚುವವನು, ಎಲ್ಲರಿಗೂ ಅವರವರ ಪಾಲಿನ ಕೆಲಸ. ವರ್ಷಕ್ಕೆ ಎಂಬತ್ತು ಡಾಲರಿನ ಆಸುಪಾಸು ತಲೆಗಂದಾಯವನ್ನು ಅಮೆರಿಕದ ಕೇಂದ್ರ ಕಚೇರಿಗೆ ಕಟ್ಟಿಯೂ, ತನ್ನ ಪಾಲಿನ ಕೆಲಸ ಯಾವುದೆಂದು ತಿಳಿಯದ ರೋಟರಿ ಸದಸ್ಯನ ಪಕ್ಕದಲ್ಲಿ ಗುಮಟಾಪುರದವನನ್ನು ನಿಲ್ಲಿಸಿ ನೋಡಿ.

ಹಾಗೆಂದು ಹಳ್ಳಿಯ ಕಟ್ಟನ್ನು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಊರಿನ ಕೂಟಕ್ಕೆ ಸೇರುವುದು ಹುಟ್ಟಿನಿಂದ. ಯಾವ ಕೇರಿ, ಯಾರ ಮಗ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಆ ಎರಚಾಟ ಗಂಡಸರದು, ಹೆಂಗಸರು ನೋಡುವವರು. ವರ್ಗವಾಗಿ ಬಂದ ಮೇಷ್ಟರು, ಕಾಡಂಚಿನ ಸೋಲಿಗರ ಪೋಡಿನ ಹುಡುಗಿ, ಇವರಿಗೆ ಅಂಥ ಕೂಟದಲ್ಲಿ ಕುಳಿತು ಮಾತಾಡುವ ಜಾಗ ಸಿಗುವುದು ಕಷ್ಟ. ಅಪರಿಚಿತರನ್ನೂ ಪಕ್ಕದ ಕುರ್ಚಿಯಲ್ಲಿ ಕೂರಿಸಬಲ್ಲದ್ದು ಕ್ಲಬ್ಬಿನ ನಿಜವಾದ ಹೆಚ್ಚುಗಾರಿಕೆ. ವಿಪರ್ಯಾಸವೆಂದರೆ ಆ ಹೆಚ್ಚುಗಾರಿಕೆಯನ್ನು ಅದು ಬಳಸಿಕೊಂಡದ್ದೇ ಕಡಿಮೆ. ಒಬ್ಬ ಸದಸ್ಯ ಹೆಸರು ಸೂಚಿಸದೆ ಪ್ರವೇಶವಿಲ್ಲ. ಸೂಚಿಸುವವನು ತನ್ನಂಥವನನ್ನೇ ಸೂಚಿಸುತ್ತಾನೆ. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ತೀರ್ಪು ಕೊಟ್ಟ ಮೇಲೆ, 1989ರಲ್ಲಷ್ಟೇ ರೋಟರಿ ಲೋಕದಾದ್ಯಂತ ಹೆಂಗಸರಿಗೆ ಬಾಗಿಲು ತೆರೆಯಿತು. ಅದೇ 1989ರಲ್ಲಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಹೆಂಗಸರು ಕ್ಲಬ್ಬಿನ ಬಾಗಿಲಲ್ಲಿ ಕಾಯುತ್ತ ನಿಲ್ಲಲಿಲ್ಲ. ಉಳಿತಾಯದ ಹಣವೂ ಸಾಲದ ಜವಾಬ್ದಾರಿಯೂ ತಮ್ಮದೇ ಆದ ಕೂಟದಲ್ಲಿ ಹಾಜರಿಯ ಬಗ್ಗೆ ಉಪನ್ಯಾಸ ಬೇಕಾಗುವುದಿಲ್ಲ.

ಕ್ಲಬ್ಬುಗಳ ಶಿಬಿರಗಳಿಗೆ ಬರೋಣ. ಉಚಿತ ಕಣ್ಣಿನ ತಪಾಸಣೆಯಿಂದ ಲಾಭವಿಲ್ಲ ಎನ್ನುವವನು ಪೊರೆ ಬಂದ ಮುದುಕಿಯನ್ನು ಕಂಡವನಲ್ಲ. ಮದುರೈಯಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಆರಂಭಿಸಿದ ಅರವಿಂದ್ ಕಣ್ಣಾಸ್ಪತ್ರೆಯ ಶಿಬಿರಗಳಿಗೆ ಜಾಗ, ಪ್ರಚಾರ, ಜನ ಒದಗಿಸಿದವರಲ್ಲಿ ಇಂಥ ಕ್ಲಬ್ಬುಗಳೂ ಸೇರಿವೆ. ಆದರೆ ಸದಸ್ಯನ ಕಡೆಯಿಂದ ನೋಡಿ. ಪರೀಕ್ಷೆ ಮಾಡುವವರು ಆಸ್ಪತ್ರೆಯವರು, ಶಾಮಿಯಾನ ಬಾಡಿಗೆಯವರದು. ಅವನು ಬ್ಯಾನರಿನ ಹಿಂದೆ ನಿಂತು ಫೋಟೊ ತೆಗೆಸಿಕೊಂಡು, ತಿಂಡಿ ಪೊಟ್ಟಣ ಹಂಚಿ, ಬೆಟ್ಟ ಇಳಿಯುತ್ತಾನೆ. ಯಾರಿಗೆ ಶಸ್ತ್ರಚಿಕಿತ್ಸೆ ಆಯಿತು, ಯಾರು ಹೆದರಿ ಹೋಗಲೇ ಇಲ್ಲ ಎಂಬುದು ಅವನಿಗೆ ಗೊತ್ತಾಗುವುದಿಲ್ಲ. ರೋಟರಿಯ ಪೋಲಿಯೊ ಕೆಲಸದಲ್ಲಿ ಹೀಗಿರಲಿಲ್ಲ. 1985ರಲ್ಲಿ ಹಿಡಿದ ಆ ಪಣ 2011ರ ಜನವರಿಯಲ್ಲಿ ಕಂಡ ದೇಶದ ಕೊನೆಯ ಪ್ರಕರಣ ದಾಟಿ, 2014ರ ಮಾರ್ಚಿನಲ್ಲಿ ನಮ್ಮ ವಲಯ ಪೋಲಿಯೊಮುಕ್ತವೆಂಬ ಘೋಷಣೆಯವರೆಗೆ ಸಾಗಿತು. ಅಧ್ಯಕ್ಷರು ಬದಲಾದರೂ ಕೆಲಸ ಬದಲಾಗಲಿಲ್ಲ.

ತಾಳವಾಡಿಗೆ ಅಂಥ ಕೆಲಸ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಇಲ್ಲಿನ ಗಾಜನೂರು ಡಾ. ರಾಜಕುಮಾರ್ ಹುಟ್ಟೂರು. 2006ರಲ್ಲಿ ಅವರು ತೀರಿಕೊಂಡಾಗ ಕಣ್ಣು ದಾನವಾಯಿತು. 2021ರ ಅಕ್ಟೋಬರಿನಲ್ಲಿ ಅವರ ಮಗ, ನಟ ಪುನೀತ್ ಹೋದಾಗ ಅವರ ಕಣ್ಣು ನಾಲ್ವರಿಗೆ ದೃಷ್ಟಿ ಕೊಟ್ಟಿತು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಕರ್ನಾಟಕದಲ್ಲಿ ಜನ ಮುಗಿಬಿದ್ದರು. ಯಾರೂ ಯಾರಿಗೂ ಪಿನ್ ಚುಚ್ಚಿರಲಿಲ್ಲ. ಲಯನ್ಸ್ ಸಂಸ್ಥೆಗಾದರೆ 1925ರಲ್ಲಿ ಹೆಲೆನ್ ಕೆಲರ್ ಬಂದು ಕುರುಡರ ಪರ ನಿಲ್ಲಿರೆಂದು ಕೇಳಿಕೊಂಡ ದಿನದಿಂದ ಕಣ್ಣೇ ಮನೆದೇವರು.

ಹೆಸರು ಬರೆಸುವುದು ಸುಲಭ, ಕಷ್ಟವಿರುವುದು ಮುಂದೆ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು. ಮನೆಯವರು ಒಪ್ಪಬೇಕು. ಅಳುವ ಮನೆಯಲ್ಲಿ ಇದನ್ನು ನೆನಪಿಸಿ, ಹಿರಿಯ ಮಗನನ್ನು ಪಕ್ಕಕ್ಕೆ ಕರೆದು ಕನ್ನಡದಲ್ಲಿ ಮೆತ್ತಗೆ ಮಾತಾಡಿ, ಅತ್ತ ಚಾಮರಾಜನಗರಕ್ಕೋ ಇತ್ತ ಘಾಟಿಯ ಕೆಳಗಿನ ಸತ್ಯಮಂಗಲಕ್ಕೋ ಫೋನು ಹಚ್ಚಲು ಒಬ್ಬ ಬೇಕು. ಅವನು ಆ ಊರಿನವನೇ ಆಗಿರಬೇಕು, ವರ್ಷವಿಡೀ ಸಿಗುತ್ತಿರಬೇಕು. ಹಾಲಿನ ಡೇರಿಯ ಕಾರ್ಯದರ್ಶಿಯೋ ಅಂಗನವಾಡಿಯ ಅಕ್ಕನೋ ಆಗಬಹುದು. ಕ್ಲಬ್ಬುಗಳ ಹುಡುಕಾಟದ ಕಣ್ಣಿಗೆ ಇವರಿಬ್ಬರೂ ಬೀಳುವುದಿಲ್ಲ, ಏಕೆಂದರೆ ಶುಲ್ಕ ಕಟ್ಟುವ ಕುಳ ಅವರಲ್ಲ. 2016ರಿಂದ ರೋಟರಿಯ ನಿಯಮಾವಳಿ ಸಭೆ, ಹಾಜರಿಗಳ ವಿಷಯದಲ್ಲಿ ಕ್ಲಬ್ಬುಗಳಿಗೆ ಸಾಕಷ್ಟು ಸಡಿಲ ಕೊಟ್ಟಿದೆ. ತಿಂಗಳಿಗೆ ಎರಡು ಸಭೆ ಸಾಕು. ಬೆಳಗಿನ ಹಾಲು ಹಾಕುವ ಹೊತ್ತಿಗೆ, ಡೇರಿಯ ಜಗಲಿಯ ಮೇಲೆ ಸಭೆ ಮಾಡಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ. ಅಡ್ಡಿ ಇರುವುದು ಒಂದು ವರ್ಷದ ಅಧ್ಯಕ್ಷಗಿರಿಯಲ್ಲಿ: ಇಂದು ಬರೆಸಿದ ನೇತ್ರದಾನದ ಹೆಸರು ಫಲಿಸುವುದು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ, ಅದನ್ನು ಈ ಜೂನಿನ ವರದಿಯಲ್ಲಿ ಯಾವ ಕಲಮಿನಲ್ಲಿ ತೋರಿಸುವುದು?