ದೌಹೃದವೂ ಗರ್ಭಚಿತ್ರವೂ

ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಕರೆದ ಆಯುರ್ವೇದದ ಮಾತು ಸಾಹಿತ್ಯಾಭ್ಯಾಸಿಗಳಿಗೆ ಅಪರಿಚಿತವಲ್ಲ. ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯವು ವ್ಯಕ್ತವಾಗುವದರಿಂದ ಸ್ತ್ರೀಯು ದೌಹೃದಿನಿಯೆನಿಸುವಳೆಂದು ಸುಶ್ರುತನು ಹೇಳಿರುವನು. ಚರಕನು ಇದನ್ನೇ ಮೂರನೆಯ ತಿಂಗಳಿಗೆ ಹೇಳಿರುವನು. ದೋಹದಶಬ್ದವು ಇದರಿಂದಲೇ ಹುಟ್ಟಿತೋ ಎಂಬಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಅದು ಹೇಗೇ ಇರಲಿ, ಕಾವ್ಯದಲ್ಲಿ ಹೃದಯವು ಮರೆಯಾಗಿ ಬಯಕೆಯೊಂದೇ ಉಳಿಯಿತು. ಲಕ್ಷ್ಮೀಶನ ಸೀತೆಗೆ ತಪೋವನದ ಬಯಕೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆ ಕುಬಸದ ಹಾಡುಗಳಲ್ಲಿಯೂ ಬಯಕೆಯದೇ ಎಣಿಕೆ.

ಗರ್ಭಸ್ಥ ಶಿಶುವಿನ ಹೃದಯವನ್ನು ತೋರಿಸುವ ಅಲ್ಟ್ರಾಸೌಂಡ್ ಚಿತ್ರವನ್ನು ಸುಶ್ರುತವಾಕ್ಯದ ಮಗ್ಗುಲಲ್ಲಿರಿಸಿ, ಪೂರ್ವಿಕರು ಇದನ್ನು ಮೊದಲೇ ಕಂಡಿದ್ದರೆಂದು ಹೇಳುವವರುಂಟು. ಈ ಸಮೀಕರಣವು ಒಪ್ಪತಕ್ಕದ್ದಲ್ಲ. ಹೃದಯದ ಮಿಡಿತವು ಆರನೆಯ ವಾರದ ಸುಮಾರಿಗೇ ತೊಡಗುವದು. ಶಾರೀರವಾಗಿ ನೋಡಿದರೆ ಆಚಾರ್ಯರಿಬ್ಬರೂ ತಡವಾಗಿಯೇ ಹೇಳಿದಂತಾಯಿತು. ಅವರ ತಾತ್ಪರ್ಯವು ಚೇತನದ ಅಭಿವ್ಯಕ್ತಿಯಲ್ಲಿದೆ. ಹುಟ್ಟುವ ಮಗುವಿನ ವಿಕಾರಕ್ಕೆ ಸುಶ್ರುತನು ಕೊಡುವ ಕಾರಣಗಳಲ್ಲೊಂದು ತೀರದ ಬಯಕೆ. ಬಸುರಿಯನ್ನು ಆದರಿಸಿರೆಂಬುದಕ್ಕೆ ಇದಕ್ಕಿಂತ ಬಲವಾದ ವಿಧಿಯಿಲ್ಲ. ಆದರೆ ದೋಷವಿರುವ ಮಗುವನ್ನು ಹೆತ್ತ ಮನೆಯಲ್ಲಿ ಇದೇ ಮಾತು ಆರೋಪವಾಗುವದು.

ಚಿತ್ರವು ಕಾರಣವನ್ನು ಕೇಳದೆ ಆಕಾರವನ್ನು ನೋಡುತ್ತದೆ. 18ರಿಂದ 22 ವಾರಗಳೊಳಗೆ ಹೃದಯದ ನಾಲ್ಕು ಕೋಣೆಗಳೂ ಹೊರಡುವ ಮಹಾಧಮನಿಗಳೂ ಕಾಣುವವು. ಗರ್ಭದಲ್ಲಿ ಉಸಿರಿನ ಕೆಲಸವನ್ನು ಮಾಸುವೇ ನಡೆಸುವದರಿಂದ, ಮಹಾಧಮನಿಗಳು ಅದಲುಬದಲಾದ ಶಿಶುವೂ ಒಳಗೆ ನೆಮ್ಮದಿಯಿಂದ ಬೆಳೆಯುವದು; ಹುಟ್ಟಿದ ಮೇಲೆ ಧಮನಿಗಳ ನಡುವಣ ನಾಳವು ಮುಚ್ಚತೊಡಗಿದಾಗ ಮೈ ನೀಲಿಗಟ್ಟುವದು. ವಪೆಯ ರಂಧ್ರದಿಂದ ಕರುಳು ಎದೆಗೇರಿ ಶ್ವಾಸಕೋಶವನ್ನು ಬೆಳೆಯಗೊಡದಿರುವದೂ ಚಿತ್ರದಲ್ಲಿ ಕಾಣಬಹುದು. ಮೊದಲೇ ತಿಳಿದರೆ ಹೆರಿಗೆಯ ಊರನ್ನು ಆರಿಸಬಹುದು. ಈ ನಾಡಿನಲ್ಲಿ ಚೊಚ್ಚಲ ಬಸುರಿ ಕುಬಸ ಮುಗಿಸಿ ತವರಿಗೆ ಹೋಗುವದು ರೂಢಿ. ಆ ತವರು ಕಿತ್ತೂರೋ, ಬೆಳಗಾವಿಗೆ ಅದರ ಎರಡು ಮಡಿ ದೂರದ ರಾಮದುರ್ಗವೋ ಎಂಬುದು ಅಂಥ ಶಿಶುವಿಗೆ ಸಣ್ಣ ಮಾತಲ್ಲ.

ಇನ್ನು ಎಂಟನೆಯ ತಿಂಗಳು. ಆಗ ಓಜಸ್ಸು ಅಸ್ಥಿರವಾಗಿರುವದರಿಂದ ಹುಟ್ಟಿದ ಶಿಶು ಬದುಕದೆಂಬುದು ಶಾಸ್ತ್ರ. ಏಳರ ಕೂಸು ಉಳಿದೀತು, ಎಂಟರದು ಉಳಿಯದೆಂಬುದು ಜನವಾರ್ತೆ. ಎರಡೂ ನಿಲ್ಲವು. ಶ್ವಾಸಕೋಶವನ್ನು ಕುಸಿಯದಂತೆ ತೆರೆದಿಡುವ ದ್ರವ್ಯವು ವಾರವಾರಕ್ಕೆ ಹೆಚ್ಚುತ್ತ 34 ವಾರಗಳ ಸುಮಾರಿಗೆ ಸಾಕಷ್ಟಾಗುವದು. ಆದುದರಿಂದ ಎಂಟರ ಕೂಸೇ ಏಳರದಕ್ಕಿಂತ ಗಟ್ಟಿ. ಆದರೆ ಈ ಪಕ್ವತೆಯು ಚಿತ್ರದಲ್ಲಿ ನೆಚ್ಚುವಷ್ಟು ಸ್ಪಷ್ಟವಾಗಿ ಕಾಣದು. ಗರ್ಭದ ವಯಸ್ಸಿನಿಂದ ಊಹಿಸಬೇಕು.

ಆ ವಯಸ್ಸು ತಪ್ಪಿದರೆ ಏನಾಗುವದೆಂಬುದಕ್ಕೆ ನಿದರ್ಶನವು ಬೆಳಗಾವಿ ಜಿಲ್ಲೆಯಲ್ಲಿಯೇ ಉಂಟು. 2011ರಿಂದ 2014ರವರೆಗೆ ಆರು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ ಈ ಜಿಲ್ಲೆಯೂ ಸೇರಿದ್ದಿತು. ಅಕಾಲಪ್ರಸವದ ಭಯವಿದ್ದ ತಾಯಂದಿರಿಗೆ ಶಿಶುವಿನ ಶ್ವಾಸಕೋಶವನ್ನು ಬಲಿಸುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು ಕೊಡಲಾಯಿತು. ದಿನ ತಿಳಿಯದಲ್ಲಿ ಹೊಟ್ಟೆಯನ್ನು ಪಟ್ಟಿಯಿಂದ ಅಳೆದು ವಯಸ್ಸನ್ನು ಗೊತ್ತುಮಾಡಿದರು. ಮದ್ದು ಪಡೆದವರಲ್ಲಿ ಬಹುಮಂದಿ ಹೆತ್ತುದು ತೂಕ ಸಾಲುವ ಶಿಶುಗಳನ್ನೇ. ಮದ್ದಿನ ಊರುಗಳಲ್ಲಿ ಸಾವಿರಕ್ಕೆ 27.4, ಉಳಿದವುಗಳಲ್ಲಿ 23.9 ನವಜಾತಮರಣಗಳಾದವು. ಮುಂದೆ ಬೆಳಗಾವಿಯೂ ಸೇರಿದ್ದ, 2020ರಲ್ಲಿ ಪ್ರಕಟವಾದ ಆಸ್ಪತ್ರೆಗಳ ಪ್ರಯೋಗದಲ್ಲಿ ವಯಸ್ಸನ್ನು ಅಲ್ಟ್ರಾಸೌಂಡಿನಿಂದ ನಿರ್ಣಯಿಸಿ, 34 ವಾರ ತುಂಬದವರಿಗೆ ಮಾತ್ರ ಅದೇ ಮದ್ದನ್ನು ಕೊಟ್ಟರು. ನವಜಾತಮರಣವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಆಸ್ಪತ್ರೆಯ ಆರೈಕೆಯ ಪಾಲೂ ಇದರಲ್ಲಿ ಇರಬಹುದಾದರೂ ಎಣಿಕೆಯ ಪಾಲನ್ನು ಅಲ್ಲಗಳೆಯಲಾಗದು.

ಆರೋಗ್ಯವಿಷಯಕ ಕನ್ನಡ ಬರೆಯುವವರು ಮಾಸಶಬ್ದವನ್ನು ಎಚ್ಚರದಿಂದ ಬಳಸತಕ್ಕದ್ದು. ಶಾಸ್ತ್ರವು ಗರ್ಭಗ್ರಹಣದಿಂದ ಎಣಿಸಿದರೆ ವೈದ್ಯರು ಕಡೆಯ ಮುಟ್ಟಿನಿಂದ ಎಣಿಸುವರು. ಎರಡು ವಾರಗಳ ಅಂತರ ಅಲ್ಲಿಯೇ ಬಿದ್ದಿತು. ಕಡೆಯ ಮುಟ್ಟಿನ ಲೆಕ್ಕದಲ್ಲಿಯೂ ಎಂಟನೆಯ ತಿಂಗಳೆಂಬ ಒಂದೇ ಮಾತಿನೊಳಗೆ ಮದ್ದು ಸಲ್ಲುವ 32ನೆಯ ವಾರವೂ ಸಲ್ಲದ 35ನೆಯದೂ ಅಡಗಿರುವವು.