ಚಂದದ ಚಿತ್ರದೊಳಗೆ ಯಾರಿಗೆ ಜಾಗ?

ನಿಸರ್ಗದ ಫೋಟೋ ಅಂದ ಕೂಡಲೇ ಕಣ್ಣಿಗೆ ಬರೋದು ಕ್ಯಾಲೆಂಡರಿನ ಚಿತ್ರ. ಮಂಜು ಹೊದ್ದ ಬೆಟ್ಟ, ಅಲುಗದ ನೀರು, ಒಂಟಿ ಮರ. ಮನುಷ್ಯರು ಅಡ್ಡ ಬಂದರೆ ಆಚೆ ಹೋಗಲಿ ಅಂತ ಫೋಟೋಗ್ರಾಫರ್ ಕಾಯುತ್ತಾನೆ. ಹೀಗೆ ಜನರನ್ನು ಹೊರಗಿಟ್ಟು ತೆಗೆದದ್ದನ್ನೇ ಶುದ್ಧ ಸೌಂದರ್ಯ ಎಂದು ಹೊಗಳುವುದು ವಾಡಿಕೆ. ಆ ನೆಲ ಯಾರದು? ಅಲ್ಲಿ ಯಾರು ಅಂಜದೆ ತಿರುಗಾಡಬಲ್ಲರು? ಈ ಸೌಂದರ್ಯ ಅದನ್ನು ಹೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಕ್ಯಾಮೆರಾದಿಂದ ಕೇಳಿದವರಲ್ಲಿ ಇಂಗ್ರಿಡ್ ಪೊಲಾರ್ಡ್ ಮುಖ್ಯರು. 1953ರಲ್ಲಿ ಗಯಾನಾದಲ್ಲಿ ಹುಟ್ಟಿ, ಎಳವೆಯಲ್ಲೇ ಲಂಡನ್ನಿಗೆ ಬಂದ ಕಪ್ಪು ಹೆಣ್ಣುಮಗಳು. 1980ರ ದಶಕದ ಕೊನೆಯಲ್ಲಿ ಆಕೆ ಮಾಡಿದ ಚಿತ್ರಮಾಲೆ 'ಪ್ಯಾಸ್ಟೋರಲ್ ಇಂಟರ್‌ಲ್ಯೂಡ್'. ಅದರಲ್ಲಿ ಇರುವುದು ಇಂಗ್ಲೆಂಡಿನ ಹಳ್ಳಿಗಾಡು, ಮುಖ್ಯವಾಗಿ ಲೇಕ್ ಡಿಸ್ಟ್ರಿಕ್ಟ್. ವರ್ಡ್ಸ್‌ವರ್ತ್ ಕವಿ ಬಾಳಿ ಬರೆದ ಸೀಮೆ ಅದು. ಡ್ಯಾಫೊಡಿಲ್ ಹೂವನ್ನೇ ಕಾಣದ ನಮ್ಮ ಮಕ್ಕಳೂ ಆತನ ಪದ್ಯವನ್ನು ಬಾಯಿಪಾಠ ಮಾಡಿದ್ದುಂಟು.

ಒಂದು ಚಿತ್ರ ನೋಡಿ. ಕಲ್ಲುಗೋಡೆಯ ಬಳಿ ಕಪ್ಪು ಹೆಂಗಸೊಬ್ಬಳು ಕೂತಿದ್ದಾಳೆ. ತೊಡೆ ಮೇಲೆ ಕ್ಯಾಮೆರಾ. ಹಿಂದೆ ತಂತಿ ಬೇಲಿ, ಅದರಾಚೆ ಹಸಿರು. ಕಪ್ಪು-ಬಿಳುಪು ಫೋಟೋಕ್ಕೆ ಕೈಯಿಂದಲೇ ಬಣ್ಣ ಹಚ್ಚಿದೆ, ಹಳೇ ಕಾಲದ ಪೋಸ್ಟ್‌ಕಾರ್ಡಿನ ಹಾಗೆ. ಆದರೆ ಕೆಳಗಿನ ಬರಹ ಪ್ರವಾಸಿಯದಲ್ಲ. ಈ ಹಳ್ಳಿಗಾಡಿಗೆ ಬಂದಾಗಲೆಲ್ಲ ತನ್ನ ಜೊತೆಗೇ ಬರುವ ದಿಗಿಲನ್ನು ಆಕೆ ಹೇಳುತ್ತಾಳೆ. ವರ್ಡ್ಸ್‌ವರ್ತನ ಒಂಟಿತನ ಸುಖದ್ದು. ಬಿಳಿಯರ ನಡುವೆ ಒಂದೇ ಕಪ್ಪು ಮುಖವಾಗಿ ನಡೆಯುವವಳ ಒಂಟಿತನ ಬೇರೆ. ಇನ್ನೊಂದು ಚಿತ್ರದ ಬರಹ ಇಂಗ್ಲೆಂಡಿನ ಹಿರಿಮೆಯ ಬುಡದಲ್ಲಿ ಗುಲಾಮರ ರಕ್ತವನ್ನೂ ದುಡಿಯುವವರ ಬೆವರನ್ನೂ ತೋರಿಸುತ್ತದೆ.

'ಮಾತು ಬೇಡುವ ಫೋಟೋ ಬಡ ಫೋಟೋ' ಎಂದು ಶುದ್ಧ ಕಲೆಯವರು ಮೂಗು ಮುರಿಯಬಹುದು. ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಬರಹ ಜೋರಾದರೆ ಚಿತ್ರ ಅದರ ಆಳಾಗುತ್ತದೆ. ಆದರೆ ಕಲ್ಲುಗೋಡೆಯ ಚಿತ್ರದಲ್ಲಿ ಹಾಗಾಗಿಲ್ಲ. ಬರಹ ಮುಚ್ಚಿ ನೋಡಿದರೂ ಆ ಬೇಲಿ ಚುಚ್ಚುತ್ತದೆ. ಅಷ್ಟಕ್ಕೂ ಖಾಲಿ ಬೆಟ್ಟದ ಫೋಟೋ ಮಾತಿಲ್ಲದ್ದೇನಲ್ಲ. ಅದರ ಮಾತನ್ನು ಕವಿಗಳು ಮೊದಲೇ ಬರೆದಿಟ್ಟಿದ್ದಾರೆ, ಅಷ್ಟೆ.

ಸ್ವಂತ ಅಭಿವ್ಯಕ್ತಿ ಅಂದರೆ ಮಬ್ಬು ಬೆಳಕಲ್ಲಿ ತನ್ನ ಬೇಸರವನ್ನು ಬೆಟ್ಟಕ್ಕೆ ಮೆತ್ತುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಪೊಲಾರ್ಡ್ ತಾನು ನಿಂತ ಜಾಗವನ್ನು ಹೇಳುತ್ತಾಳೆ. ಆಕೆಯ ದಿಗಿಲು ಸ್ವಂತದ್ದು, ಆದರೆ ಅದಕ್ಕೆ ಕಾರಣ ಆಕೆ ಒಬ್ಬಳಲ್ಲೇ ಇಲ್ಲ. ನೆಲದ ಒಡೆತನದಲ್ಲಿದೆ, ಚರಿತ್ರೆಯಲ್ಲಿದೆ.

2022ರಲ್ಲಿ ಆಕೆ ಟರ್ನರ್ ಬಹುಮಾನದ ಅಂತಿಮ ಪಟ್ಟಿಗೆ ಬಂದಳು. ಅಷ್ಟೊತ್ತಿಗೆ ಈ ಚಿತ್ರಗಳಿಗೆ 30 ವರ್ಷ ದಾಟಿತ್ತು.

ಗೆಳೆಯರೆ, ಈಗ ಫೋನಿನಲ್ಲೇ ಕ್ಯಾಮೆರಾ ಇದೆ. ಬೆಟ್ಟದ ಫೋಟೋ ತೆಗೆಯುವಾಗ ಜನ ಆಚೆ ಹೋಗಲಿ ಅಂತ ಕಾಯಬೇಡಿ. ನೀವು ಬೇಲಿಯ ಯಾವ ಕಡೆ ನಿಂತಿದ್ದೀರಿ ಅಂತ ಮೊದಲು ನೋಡಿಕೊಳ್ಳಿ.